ಮಧ್ಯಂತರ ಆದೇಶ: ಹರಿಹರದಿಂದ ಹೈಕೋರ್ಟಿಗೆ ಎಷ್ಟು ದೂರ?

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಅದು ಹಾವೇರಿ ಜಿಲ್ಲೆ. ಅಲ್ಲಿಯ ಗಂಡ-ಹೆಂಡಿರ ವ್ಯಾಜ್ಯ ಹೈಕೋರ್ಟ್ ಮೆಟ್ಟಿಲೇರಿದರೆ ಧಾರವಾಡ ಪೀಠಕ್ಕೆ ಹೋಗುತ್ತದೆ, ಹೊಳೆಯ ಈಚೆಯವರದು ಬೆಂಗಳೂರಿಗೆ. ಧಾರವಾಡದಲ್ಲಿ 2008ರಲ್ಲಿ ಸಂಚಾರಿ ಪೀಠ ಶುರುವಾಗಿ 2013ರಲ್ಲಿ ಕಾಯಂ ಆಯಿತು. ಹರಿಹರ ಸೇರಿದ ದಾವಣಗೆರೆ ಜಿಲ್ಲೆ ಮಾತ್ರ ಬೆಂಗಳೂರಿನ ಪ್ರಧಾನ ಪೀಠಕ್ಕೇ ಉಳಿಯಿತು.

ಆಸ್ತಿ ಕೇಸಾದರೆ ಈ ದೂರ ಹೇಗೋ ಸಹಿಸಿಕೊಳ್ಳಬಹುದು. ಮಗುವಿನ ಜೀವನಾಂಶ, ಸುಪರ್ದಿ ಅಂದರೆ ಹಾಗಲ್ಲ. ಮಧ್ಯಂತರ ಆದೇಶ ಹೆಸರಿಗಷ್ಟೇ ತಾತ್ಕಾಲಿಕ. ವಾಯಿದೆ ಮೇಲೆ ವಾಯಿದೆ ಬಿದ್ದು ಎಲ್‌ಕೆಜಿಯ ಮಗು ಎರಡನೇ ತರಗತಿಗೆ ಬಂದರೂ ನಡೆಯುವುದು ಅದೇ ಆದೇಶ. ಇಷ್ಟು ದಿನ ಬಾಳುವ ಆದೇಶವನ್ನು ಪ್ರಶ್ನಿಸುವ ದಾರಿಯೇ ಎಲ್ಲಕ್ಕಿಂತ ಕಿರಿದು ಎಂಬುದು ಈ ಕಾನೂನಿನ ವಿಚಿತ್ರ.

1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 19ನೇ ಕಲಂ ಹೈಕೋರ್ಟಿಗೆ ಮೇಲ್ಮನವಿ ಕೊಡುತ್ತದೆ, ಆದರೆ ಮಧ್ಯಂತರ ಸ್ವರೂಪದ ಆದೇಶಗಳನ್ನು ಹೊರಗಿಡುತ್ತದೆ. ಹಾಗಾಗಿ ವಕೀಲರು ಸಾಮಾನ್ಯವಾಗಿ ಹಿಡಿಯುವುದು ಸಂವಿಧಾನದ 227ನೇ ವಿಧಿಯ ರಿಟ್ ಅರ್ಜಿಯನ್ನು. ಅಲ್ಲಿ 'ಎಂಟು ಸಾವಿರ ಸಾಲದು' ಎಂದಷ್ಟೇ ವಾದಿಸಿದರೆ ಕೆಲಸ ಕೆಟ್ಟಿತು. ಕೆಳಗಿನ ಕೋರ್ಟು ಅಧಿಕಾರ ಮೀರಿದೆ, ಕಣ್ಣೆದುರಿನ ದಾಖಲೆಯನ್ನೇ ನೋಡಿಲ್ಲ ಎಂದು ತೋರಿಸಬೇಕು.

ಆ ದಾಖಲೆ ಕೆಳಗಿನ ಕಡತದಲ್ಲಿ ಇರಬೇಕಲ್ಲ! 2020ರ ನವೆಂಬರ್ 4ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಎಂದೂ ಹೇಳಿತು. 'ಮಂಡಕ್ಕಿ ಭಟ್ಟಿ ಅಪ್ಪನದು, ನಾನು ಬರೀ ಕೂಲಿ' ಎನ್ನುವ ಗಂಡನ ಮುಂದೆ ಇಡಬೇಕಾದದ್ದು ಬ್ಯಾಂಕ್ ಸ್ಟೇಟ್‌ಮೆಂಟ್, ಲಾರಿಯ ಆರ್‌ಸಿ, ಸಾಲದ ಕಂತಿನ ಚೀಟಿ. ದಾವಣಗೆರೆಯಲ್ಲಿ ಇಡದ ಕಾಗದಕ್ಕೆ ಬೆಂಗಳೂರಿನಲ್ಲಿ ಬೆಲೆ ಬರುವುದು ಕಷ್ಟ.

ಇನ್ನೊಂದು ದಾರಿಯಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಹೆಂಡತಿ ಹರಿಹರದ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋದರೆ ಮಧ್ಯಂತರ ಜೀವನಾಂಶವೂ ಮಗುವಿನ ತಾತ್ಕಾಲಿಕ ಸುಪರ್ದಿಯೂ ಅಲ್ಲೇ ಸಿಗಬಹುದು. ಒಪ್ಪಿಗೆಯಾಗದಿದ್ದರೆ 29ನೇ ಕಲಂ ಪ್ರಕಾರ ಆದೇಶ ತಲುಪಿದ 30 ದಿನದೊಳಗೆ ದಾವಣಗೆರೆಯ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ. ಬೆಳಿಗ್ಗೆ ಬಸ್ ಹತ್ತಿದರೆ ಸಂಜೆ ಮನೆ. ಅದೇ ಮನೆ, ಅದೇ ಮಗು, ಮೊದಲ ಪುಟದಲ್ಲಿ ಬರೆದ ಕಾಯ್ದೆ ಮಾತ್ರ ಬೇರೆ. ವಕಾಲತ್ತಿಗೆ ಸಹಿ ಹಾಕುವ ದಿನವೇ ಇದನ್ನು ಕೇಳಿಕೊಳ್ಳುವವರು ಕಡಿಮೆ.

ಮೇಲೆ ಹೋದೆ ಎಂದು ಹಣ ಕಟ್ಟುವುದನ್ನು ನಿಲ್ಲಿಸುವವರೂ ಇದ್ದಾರೆ. ಅರ್ಜಿ ಹಾಕಿದ ಮಾತ್ರಕ್ಕೆ ತಡೆಯಾಜ್ಞೆ ಆಗುವುದಿಲ್ಲ, ಬಾಕಿ ಬೆಳೆಯುತ್ತಲೇ ಇರುತ್ತದೆ. ತಡೆಯಾಜ್ಞೆ ಕೇಳಿದರೂ ಒಂದಷ್ಟು ಹಣ ಠೇವಣಿ ಇಡಿ ಎಂದು ಕೋರ್ಟು ಹೇಳಬಹುದು. ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125, ಈಗ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಬಾಕಿಗೆ ವಾರಂಟು, ಜೈಲು ಎರಡೂ ಉಂಟು.

ಸುಪರ್ದಿಯ ವಿಷಯದಲ್ಲಿ ನನ್ನ ಒಲವು ಬೇರೆ. ಮಗುವಿನ ಶಾಲೆ, ಆರೋಗ್ಯ, ತಂದೆ-ತಾಯಿಯ ಊರು ಬದಲಾದರೆ ಆ ಆದೇಶವನ್ನೂ ಬದಲಿಸಬಹುದು. ಭೇಟಿಯ ದಿನಕ್ಕಾಗಿ ಬೆಂಗಳೂರಿಗೆ ಓಡುವುದಕ್ಕಿಂತ ಅದೇ ಕೋರ್ಟಿನಲ್ಲಿ ಮಾರ್ಪಾಟಿಗೆ ಐ.ಎ. (ಮಧ್ಯಂತರ ಅರ್ಜಿ) ಹಾಕುವುದು ಎಷ್ಟೋ ಸಲ ಲೇಸು.

ಖರ್ಚಿಗೆ ಹೆದರುವ ಹೆಣ್ಣುಮಕ್ಕಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬೇಕು. 1987ರ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಹೈಕೋರ್ಟಿನ ಕೇಸುಗಳಿಗೆ ಅಲ್ಲಿಯದೇ ಸಮಿತಿ ಇದೆ. ಎಲ್ಲಿಗೆ ಹೋಗುವುದಾದರೂ ಆದೇಶವಾದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಟ್ಟುಬಿಡಿ.