ಗೆಲ್ಲುವವರಿಲ್ಲದ ಓಟ

ಓಟವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಪಂದ್ಯ. ಪಂದ್ಯವೆಂದೊಡನೆ ಒಬ್ಬನ ಗೆಲವು, ಉಳಿದವರೆಲ್ಲರ ಸೋಲು. ಆದರೆ ಗೆದ್ದವರೂ ಸೋತವರೂ ಇಲ್ಲದ ಓಟವೊಂದುಂಟು. ಧರ್ಮಕಾರ್ಯಕ್ಕಾಗಿ ಊರವರು ಒಂದು ಪ್ರಾತಃಕಾಲದಲ್ಲಿ ಕೂಡಿ ಓಡುವ ಈ ವಿನೋದದ ಓಟವು ಈಗ ನಾನಾ ದೇಶಗಳಲ್ಲಿ ರೂಢಿಗೆ ಬಂದಿದೆ. ಇದನ್ನು ಕಂಡ ಹಿರಿಯರು, “ಹಣವನ್ನು ಕೊಟ್ಟು ಸುಮ್ಮನಿರಬಾರದೆ? ಬೀದಿಯಲ್ಲಿ ಓಡುವುದೇತಕ್ಕೆ?” ಎಂದು ಕೇಳುವುದುಂಟು. ಪ್ರಶ್ನೆಯು ನ್ಯಾಯವಾದುದೇ. ಇಂಥ ಓಟಗಳಲ್ಲಿ ಪ್ರಖ್ಯಾತವಾದ ಒಂದರ ಚರಿತ್ರೆಯೇ ಇದಕ್ಕೆ ಉತ್ತರ ಹೇಳುತ್ತದೆ.

ಕೆನಡಾ ದೇಶದಲ್ಲಿ ಟೆರಿ ಫಾಕ್ಸ್ ಎಂಬ ತರುಣನಿದ್ದನು. 1958ರಲ್ಲಿ ಹುಟ್ಟಿದ ಈತನಿಗೆ 1977ರಲ್ಲಿ ಮೂಳೆಯ ಅರ್ಬುದರೋಗವು ತಗಲಲು, ವೈದ್ಯರು ಬಲಗಾಲನ್ನು ಮೊಣಕಾಲಿನ ಮೇಲ್ಗಡೆಗೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ನರಳುತ್ತಿದ್ದ ಇತರ ರೋಗಿಗಳನ್ನು, ಅವರಲ್ಲಿಯೂ ಎಳೆಯರನ್ನು ಕಂಡು ಅವನ ಮನಸ್ಸು ಕರಗಿತು. ಆ ರೋಗದ ಸಂಶೋಧನೆಗೆ ಹಣವನ್ನು ಕೂಡಿಸಲು, ದೇಶವನ್ನು ಕಡಲಿನಿಂದ ಕಡಲಿಗೆ ಓಡಿ ದಾಟುವೆನೆಂದು ಸಂಕಲ್ಪಿಸಿದನು. 1980ನೆಯ ಏಪ್ರಿಲ್ 12ರಂದು ಸೇಂಟ್ ಜಾನ್ಸ್ ಪಟ್ಟಣದಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಮುದ್ರದಲ್ಲಿ ಅದ್ದಿ ಹೊರಟು, 143 ದಿನಗಳಲ್ಲಿ 5,373 ಕಿಲೋಮೀಟರುಗಳನ್ನು ಓಡಿದನು. ರೋಗವು ಶ್ವಾಸಕೋಶಕ್ಕೆ ಹಬ್ಬಿದುದರಿಂದ ಸೆಪ್ಟೆಂಬರ್ 1ರಂದು ಥಂಡರ್ ಬೇ ನಗರದ ಬಳಿ ನಿಲ್ಲಬೇಕಾಯಿತು.

ಅವನು ಬೇಡಿದುದು ಬಹಳವಲ್ಲ. ದೇಶದ ಪ್ರತಿಯೊಬ್ಬರಿಂದಲೂ ಒಂದೊಂದು ಡಾಲರು. ಆಗ ಅಲ್ಲಿನ ಜನಸಂಖ್ಯೆ ಸುಮಾರು 2 ಕೋಟಿ 40 ಲಕ್ಷ. 1981ನೆಯ ಫೆಬ್ರವರಿಯ ವೇಳೆಗೆ ಅಷ್ಟು ಡಾಲರುಗಳೂ ಕೂಡಿಬಂದುವು. ಆ ವರ್ಷದ ಜೂನ್ 28ರಂದು, ಇಪ್ಪತ್ತಮೂರು ತುಂಬುವುದಕ್ಕೆ ಒಂದು ತಿಂಗಳಿರುವಾಗ, ಅವನು ತೀರಿಕೊಂಡನು.

ಆದರೆ ಓಟವು ನಿಲ್ಲಲಿಲ್ಲ. ಸೆಪ್ಟೆಂಬರ್ 13ರಂದು 760ಕ್ಕೂ ಹೆಚ್ಚು ಸ್ಥಳಗಳಲ್ಲಿ ಮೂರು ಲಕ್ಷ ಮಂದಿ ಅವನ ಹೆಸರಿನಲ್ಲಿ ಓಡಿ 35 ಲಕ್ಷ ಡಾಲರುಗಳನ್ನು ಕೂಡಿಸಿದರು. ಅಂದಿನಿಂದ ಇದು ವರ್ಷವರ್ಷವೂ ನಡೆದುಬಂದಿದೆ. ಅವನ ಇಚ್ಛೆಯಂತೆ ಇದರಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಓಡಲಾರದವರು ನಡೆಯುತ್ತಾರೆ, ನಡೆಯಲಾರದವರು ಗಾಲಿಕುರ್ಚಿಯಲ್ಲಿ ಬರುತ್ತಾರೆ, ತಾಯಂದಿರು ಕೂಸಿನ ಬಂಡಿಯನ್ನು ತಳ್ಳಿಕೊಂಡು ಹೋಗುತ್ತಾರೆ.

ತನು ಮನ ಧನಗಳೆಂದು ನಾವು ಮೂರನ್ನೂ ಒಟ್ಟಿಗೆ ಹೇಳುವುದು ವ್ಯರ್ಥವಲ್ಲ. ಧನವನ್ನು ಮಾತ್ರ ಕೊಟ್ಟವನು ಕೊಟ್ಟುದನ್ನು ಸಂಜೆಗೆ ಮರೆಯಬಹುದು. ತನುವನ್ನು ದಣಿಸಿದವನು ಏತಕ್ಕೆ ದಣಿದೆನೆಂಬುದನ್ನು ಮರೆಯಲಾರನು. ಓಡುವವನು ನೆರೆಹೊರೆಯವರಲ್ಲಿಗೆ ಹೋಗಿ ಕೈಯೊಡ್ಡುವುದರಿಂದ, ತಾನಾಗಿ ಕೊಡಲು ಹೊರಡದವರ ನಾಲ್ಕು ಕಾಸೂ ಬಂದು ಸೇರುವುದು. ಹನಿಗೂಡಿದರೆ ಹಳ್ಳವಲ್ಲವೆ? ಎಲ್ಲಕ್ಕಿಂತ ಮಿಗಿಲಾದುದು ಇನ್ನೊಂದುಂಟು. ಮನೆಯವರನ್ನು ರೋಗಕ್ಕೆ ಒಪ್ಪಿಸಿದವನು ಬಾಗಿಲು ಹಾಕಿಕೊಂಡು ಅಳುವ ದುಃಖವನ್ನು, ಅಂದು ನೂರಾರು ಜನರ ನಡುವೆ, ಅವರ ಹೆಜ್ಜೆಯೊಡನೆ ಹೆಜ್ಜೆ ಹಾಕುತ್ತ, ಹೊತ್ತು ನಡೆಯುತ್ತಾನೆ. ಚೆಕ್ಕು ಬರೆದುಕೊಡುವುದರಿಂದ ಈ ಸಮಾಧಾನವು ದೊರೆಯದು.

ನಮ್ಮ ಬೆಂಗಳೂರಿನಲ್ಲಿಯೂ 2008ರಿಂದ ಹತ್ತು ಕಿಲೋಮೀಟರಿನ ದೊಡ್ಡ ಓಟವು ನಡೆಯುತ್ತಿದ್ದು, ಸ್ಪರ್ಧೆಯ ಜೊತೆಗೆ ವಿನೋದಕ್ಕಾಗಿ ಓಡುವವರ ‘ಮಜ್ಜಾ ರನ್’ ಎಂಬುದೂ ಅದರಲ್ಲಿ ಸೇರಿದೆ. ಅನೇಕ ಸೇವಾಸಂಸ್ಥೆಗಳು ಆ ಸಂದರ್ಭದಲ್ಲಿ ಹಣವನ್ನು ಕೂಡಿಸುತ್ತವೆ.

ಪಾಲ್ಗೊಳ್ಳಲು ಬಯಸುವ ಗೃಹಸ್ಥರಿಗೆ ಎರಡು ಮಾತು. ಕೆಲವು ವಾರಗಳ ಮೊದಲಿನಿಂದಲೇ ನಿತ್ಯವೂ ನಡೆದು ಅಭ್ಯಾಸ ಮಾಡಿಕೊಳ್ಳಿರಿ. ವಯಸ್ಸಾದವರೂ ಹೃದ್ರೋಗವಿರುವವರೂ ವೈದ್ಯರನ್ನು ಕೇಳದೆ ಹೊರಡಬಾರದು. ಹಾಗೆಯೇ, ಸೇರುವ ಮುನ್ನ, ಹಣವು ಯಾವ ಕಾರ್ಯಕ್ಕೆ, ಎಷ್ಟು ಭಾಗ ಸಲ್ಲುವುದೆಂದು ವಿಚಾರಿಸಿರಿ. ಅಂಗಿ, ಪದಕ, ಧ್ವನಿವರ್ಧಕಗಳಿಗೇ ದ್ರವ್ಯವು ಮುಗಿದುಹೋದರೆ, ಓಟವು ನಡೆದಂತಾಯಿತೇ ಹೊರತು ಉಪಕಾರವು ನಡೆದಂತಾಗಲಿಲ್ಲ.

ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ. ಮುಂದೆ ಹೋದವನು ಹಿಂದುಳಿದವನಿಗಾಗಿ ನಿಂತು ಕಾಯಬಹುದೆಂಬ ಪಾಠವನ್ನು ಪಂದ್ಯದ ಮೈದಾನವು ಅವರಿಗೆ ಕಲಿಸುವುದಿಲ್ಲ. ಇಂಥ ಓಟವು ಕಲಿಸುತ್ತದೆ.