ಮಧುಮೇಹ: ನಡುವಯಸ್ಸಿನಲ್ಲೇ ಕುಗ್ಗುವ ದೇಹ, ಮಂಕಾಗುವ ನೆನಪು

ಹೈದರಾಬಾದಿನ ಉಪ್ಪಲ್‌ನಲ್ಲಿ 2017ರಿಂದ ಮೆಟ್ರೊ ರೈಲು ಸಂಚರಿಸುತ್ತಿದೆ. ನಿಲ್ದಾಣವು ರಸ್ತೆಯಿಂದ ಎತ್ತರದಲ್ಲಿದ್ದು, ಅದರ ಮೆಟ್ಟಿಲುಗಳನ್ನು ಏರುವಾಗ ಐವತ್ತರ ಆಸುಪಾಸಿನವರು ನಡುವೆ ನಿಂತು ಕಂಬಿ ಹಿಡಿದುಕೊಳ್ಳುವುದುಂಟು. "ವಯಸ್ಸಾಯಿತು" ಎಂಬುದು ಇದಕ್ಕೆ ಸಿದ್ಧ ಉತ್ತರ. ಆದರೆ ಅಂತಹವರಿಗೆ ಮಧುಮೇಹವಿದ್ದಲ್ಲಿ ಈ ಉತ್ತರವನ್ನು ಒಪ್ಪಿ ಸುಮ್ಮನಾಗುವುದು ಸರಿಯಲ್ಲ.

ಸ್ನಾಯುಗಳು ಸಕ್ಕರೆಯನ್ನು ಹೀರಿಕೊಳ್ಳಲೂ ತಮ್ಮ ತೂಕವನ್ನು ಕಾಪಾಡಿಕೊಳ್ಳಲೂ ಇನ್ಸುಲಿನ್ ನೆರವಾಗುತ್ತದೆ. ಅದರ ಪರಿಣಾಮ ತಗ್ಗಿದಾಗ ತೊಡೆ ಹಾಗೂ ಕೈಗಳ ಬಲ ಕುಂದುತ್ತದೆ. ಪಾದದ ನರಗಳು ಹಾನಿಗೊಂಡರೆ ಹೆಜ್ಜೆಯ ಸಮತೋಲವೂ ತಪ್ಪುತ್ತದೆ. ಮೆದುಳಿನ ಸೂಕ್ಷ್ಮ ರಕ್ತನಾಳಗಳಿಗೂ ಇದೇ ಗತಿ. ಅಲ್ಲಿ ಮೊದಲು ಕಾಣಿಸಿಕೊಳ್ಳುವುದು ಅನೇಕ ವೇಳೆ ಮರೆವಲ್ಲ, ಆಲೋಚನೆಯ ನಿಧಾನಗತಿ. ಲೆಕ್ಕ ಹಾಕುವಾಗ ತಡವರಿಕೆ, ಏಕಕಾಲಕ್ಕೆ ಎರಡು ಕೆಲಸ ಮಾಡುವಾಗ ಗೊಂದಲ ಇದರ ಲಕ್ಷಣಗಳು. ಮನೆಯವರು ಇದನ್ನು ಉದಾಸೀನವೆಂದೇ ಭಾವಿಸುತ್ತಾರೆ.

ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ದೀರ್ಘಕಾಲ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅರುವತ್ತಕ್ಕೆ ಮೊದಲೇ ಮಧುಮೇಹ ಬಂದವರಿಗೆ ಎಪ್ಪತ್ತರ ನಂತರ ಬುದ್ಧಿಭ್ರಮಣೆಯ ಅಪಾಯವು ಆ ರೋಗವಿಲ್ಲದವರಿಗಿಂತ ಸುಮಾರು ಇಮ್ಮಡಿ. ಭಾರತೀಯರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ನಮ್ಮಲ್ಲಿ ಈ ರೋಗವು ಪಾಶ್ಚಾತ್ಯರಿಗಿಂತ ಎಳೆಯ ವಯಸ್ಸಿನಲ್ಲೇ ಬರುತ್ತದೆ. ಇದರ ಅನುವಂಶೀಯ ಕಾರಣಗಳನ್ನು ಉಪ್ಪಲ್ ರಸ್ತೆಯಲ್ಲಿರುವ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಪುಣೆಯ ವೈದ್ಯರೊಡಗೂಡಿ ಅಧ್ಯಯನ ಮಾಡಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವುದಾಗಿ ಅಂದಾಜು ಮಾಡಿದೆ.

ಎಲ್ಲ ಕುಗ್ಗುವಿಕೆಯೂ ರೋಗದ್ದೇ ಎನ್ನಲಾಗದು. ಬಹುಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ-12 ಜೀವಸತ್ವ ಕಡಿಮೆಯಾಗಿ ಪಾದಗಳ ಜೋಮು ಹಾಗೂ ಮರೆವು ಉಂಟಾಗಬಹುದು. ರಕ್ತಪರೀಕ್ಷೆಯಿಂದ ತಿಳಿಯುವ, ಬೇಗ ಗುರುತಿಸಿದರೆ ಬಹುಮಟ್ಟಿಗೆ ಸರಿಪಡಿಸಬಹುದಾದ ಕೊರತೆ ಇದು. ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಇನ್ಸುಲಿನ್ ಪಡೆಯುವವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಮಂಕು ಕವಿಯುತ್ತವೆ. ತೀವ್ರ ಇಳಿತಗಳು ಪದೇ ಪದೇ ಮರುಕಳಿಸುವುದು ಮೆದುಳಿಗೆ ಹಿತವಲ್ಲ.

ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಪರೀಕ್ಷೆಯೊಡನೆ ರಕ್ತದೊತ್ತಡ, ಪಾದ, ಕಣ್ಣುಗಳ ತಪಾಸಣೆಯೂ ಆಗಬೇಕು. ನಿತ್ಯದ ನಡಿಗೆಯ ಜೊತೆಗೆ, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವು ತೊಡೆಗೆ ಬಲ ನೀಡುತ್ತದೆ. ಇದಕ್ಕೆ ಖರ್ಚಿಲ್ಲ. ಹಿಂದೆ ಸಲೀಸಾಗಿ ಏಳುತ್ತಿದ್ದವರಿಗೆ ಈಗ ಅದು ಕಷ್ಟವೆನಿಸಿದರೆ, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತಿಳಿಸುವುದು ಅಗತ್ಯ.