ನಿಮಗಿದು ಗೊತ್ತೆ? ಗುಡ್ಡ ಕುಸಿದಾಗ ಮೊದಲು ಬಿಡಿಸಬೇಕಾದ್ದು ಮುಖ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದ ಗುಡ್ಡ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಹೂತಿದ್ದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಗೋವಾದಿಂದ ಹೂಳೆತ್ತುವ ಯಂತ್ರ ತರಿಸಿದ ಮೇಲೆ. 2009ರ ಅಕ್ಟೋಬರ್‌ನಲ್ಲಿ ಕಾರವಾರ ಬಳಿಯ ಝರಿವಾಡದಲ್ಲೂ ಗುಡ್ಡ ಜೀವಗಳನ್ನು ನುಂಗಿತ್ತು.

ಹಿಮಕುಸಿತದಂತೆ ಗುಡ್ಡ ಕುಸಿದಾಗಲೂ ಉಸಿರಿನದೇ ಮೊದಲ ಚಿಂತೆ. ಸಿಕ್ಕವರ ಮುಖ, ಎದೆ ಮೊದಲು ಬಿಡಿಸಿ, ಬಾಯಿ-ಮೂಗಿನ ಕೆಸರು ತೆಗೆಯಬೇಕು. ಕೈಹಿಡಿದು ಎಳೆಯಬಾರದು, ಬೆನ್ನುಮೂಳೆಗೆ ಪೆಟ್ಟಾಗಿರಬಹುದು.

ಹೆಚ್ಚಿನವರಿಗೆ ತಿಳಿಯದ, ತಿಳಿಯಲೇಬೇಕಾದ ಸಂಗತಿ ಇನ್ನೊಂದಿದೆ. ಗಂಟೆಗಟ್ಟಲೆ ಬಂಡೆಯಡಿ ಜಜ್ಜಿಹೋದ ತೊಡೆಯ ಮೇಲಿನ ಭಾರ ತೆಗೆದೊಡನೆ, ಹಾಳಾದ ಸ್ನಾಯುವಿನ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯವೇ ನಿಲ್ಲಬಹುದು. ಹಾಗಾಗಿ ಭಾರ ಎತ್ತುವ ಮುನ್ನವೇ ವೈದ್ಯಕೀಯ ತಂಡ ಸಲೈನ್ ಹಚ್ಚುತ್ತದೆ. ಎಷ್ಟು ಹೊತ್ತಿನಿಂದ ಸಿಲುಕಿದ್ದಾರೆಂದು 108ಕ್ಕೆ ಕರೆ ಮಾಡುವಾಗಲೇ ಹೇಳಿ.

ನೆರವಿಗೆ ಧಾವಿಸುವ ಮುನ್ನ ಗುಡ್ಡದತ್ತ ಕಣ್ಣು ಹಾಯಿಸಿ: ಹೊಸ ಬಿರುಕು, ವಾಲಿದ ಮರ, ಕೆಂಪಾದ ಒರತೆ ಕಂಡರೆ ಅದು ಮತ್ತೆ ಕುಸಿಯಬಹುದು.